ದಣಿವಿಗೂ ಒಂದು ಚೀಟಿ

ಕ್ರಾನಿಕ್ ಫಟೀಗ್ ಸಿಂಡ್ರೋಮ್ ನಿದ್ದೆಗೂ ವಿಶ್ರಾಂತಿಗೂ ಬಗ್ಗದ ದಣಿವಿನ ಕಾಯಿಲೆ. ಕನ್ನಡದಲ್ಲಿ ಇದನ್ನು ದೀರ್ಘ ದಣಿವಿನ ಕಾಯಿಲೆ ಎನ್ನಬಹುದು. ವೈದ್ಯರ ಬರಹಗಳಲ್ಲಿ ಇದಕ್ಕೆ ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್ ಎಂಬ ಇನ್ನೊಂದು ಹೆಸರೂ ಇದೆ. ಎರಡನ್ನೂ ಜೋಡಿಸಿ ಎಂಇ-ಸಿಎಫ್‌ಎಸ್ ಎನ್ನುವುದು ಈಗಿನ ರೂಢಿ. ಮುಧೋಳ ಸೀಮೆಯ ರೋಗಿ ವೈದ್ಯರ ಮುಂದೆ ಕುಳಿತು ‘ಮೈಯಾಗ ತ್ರಾಣ ಇಲ್ರೀ’ ಎಂದಾಗ ಅದರ ಹಿಂದೆ ಹಲವು ಕಾರಣಗಳಿರಬಹುದು. ರಕ್ತಹೀನತೆ, ಕ್ಷಯ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ, ಕುಗ್ಗಿದ ಮನಸ್ಸು, ಇಲ್ಲವೇ ಬರೀ ದುಡಿತ. ಇವೆಲ್ಲವನ್ನೂ ಪರೀಕ್ಷಿಸಿ ಬದಿಗಿಟ್ಟ ಮೇಲೂ ಉಳಿಯುವ, ತನ್ನದೇ ಚಹರೆಯಿರುವ ದಣಿವು ಈ ಕಾಯಿಲೆಯದು.

ಆ ಚಹರೆಯನ್ನು 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಯ ವರದಿಯೊಂದು ಸರಳವಾಗಿ ಹೇಳಿತು. ಹಿಂದೆ ಸಲೀಸಾಗಿ ಮಾಡುತ್ತಿದ್ದ ಕೆಲಸಗಳು ಆರು ತಿಂಗಳಿಗೂ ಹೆಚ್ಚು ಕಾಲ ಆಗದಂತಾಗಿರಬೇಕು. ರಾತ್ರಿಯಿಡೀ ಮಲಗಿದರೂ ಬೆಳಗ್ಗೆ ಹಗುರ ಅನ್ನಿಸಬಾರದು. ಇವುಗಳ ಜೊತೆಗೆ ನೆನಪು ಮತ್ತು ಗಮನ ಮಂಕಾಗುವುದಾಗಲಿ, ನಿಂತರೆ ತಲೆ ಹಗುರಾಗಿ ಎದೆ ಹೊಡೆದುಕೊಳ್ಳುವುದಾಗಲಿ ಇರಬೇಕು. ಎಲ್ಲಕ್ಕಿಂತ ಮುಖ್ಯ ಲಕ್ಷಣ ಶ್ರಮದ ನಂತರದ ಕುಸಿತ. ಆರೋಗ್ಯವಂತ ಹುಡುಗ ಆಡಿ ದಣಿದರೆ ರಾತ್ರಿ ಉಂಡು ಮಲಗಿ ಬೆಳಗ್ಗೆ ಮತ್ತೆ ಆಡುತ್ತಾನೆ. ಈ ಕಾಯಿಲೆಯ ಹುಡುಗ ಸೋಮವಾರ ಶಾಲೆಗೆ ನಡೆದು ಹೋಗಿ, ಪಾಠ ಕೇಳಿ, ಸರಿಯಾಗೇ ಮನೆಗೆ ಬಂದಿರುತ್ತಾನೆ. ಮಂಗಳವಾರವೋ ಬುಧವಾರವೋ ಹಾಸಿಗೆಯಿಂದ ಏಳಲಾರ. ಶ್ರಮಕ್ಕೂ ಕುಸಿತಕ್ಕೂ ನಡುವೆ ಒಂದೆರಡು ದಿನದ ಅಂತರ ಇರುವುದರಿಂದ ಮನೆಯವರಿಗೆ ಎರಡಕ್ಕೂ ಇರುವ ನಂಟೇ ಕಾಣುವುದಿಲ್ಲ. ಓದಿದ್ದು, ಲೆಕ್ಕ ಮಾಡಿದ್ದು, ಗಲಾಟೆಯಲ್ಲಿ ಕುಳಿತಿದ್ದು ಕೂಡ ಇಲ್ಲಿ ಶ್ರಮದ ಲೆಕ್ಕಕ್ಕೇ ಬರುತ್ತವೆ.

ಹೆಚ್ಚಿನವರಲ್ಲಿ ಕಾಯಿಲೆ ಸೋಂಕಿನ ಬೆನ್ನಿಗೆ ಬರುತ್ತದೆ. ಆಸ್ಟ್ರೇಲಿಯಾದ ಡಬ್ಬೋ ಪಟ್ಟಣದಲ್ಲಿ ಮೂರು ಬೇರೆ ಬೇರೆ ಸೋಂಕುಗಳಿಗೆ ತುತ್ತಾದವರನ್ನು ಹಿಂಬಾಲಿಸಿ ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರವೂ ಶೇ 12ರಷ್ಟು ಜನರಲ್ಲಿ ಇದೇ ಲಕ್ಷಣಗಳಿದ್ದವು. ಮೂರರಲ್ಲಿ ಒಂದಾದ ರಾಸ್ ರಿವರ್ ಜ್ವರ ಸೊಳ್ಳೆಯಿಂದ ಹರಡಿ ಕೀಲು ಹಿಡಿಯುವಂಥದ್ದು, ನಮ್ಮ ಚಿಕೂನ್‌ಗುನ್ಯಾದ ಬಳಗದ ವೈರಸ್ಸಿನದು. 2006ರಲ್ಲಿ ಕರ್ನಾಟಕ ಒಂದರಲ್ಲೇ ಚಿಕೂನ್‌ಗುನ್ಯಾದ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾಗಿದ್ದವು. ಜ್ವರ ಇಳಿದ ಮೇಲೆ ತಿಂಗಳುಗಟ್ಟಲೆ ಏಳಲಾಗದೆ ಬಿದ್ದವರನ್ನು ಉತ್ತರ ಕರ್ನಾಟಕದ ಊರುಗಳು ಇನ್ನೂ ಮರೆತಿಲ್ಲ. ಕೋವಿಡ್ ನಂತರ ಅದೇ ಚಿತ್ರ ಇನ್ನಷ್ಟು ದೊಡ್ಡದಾಗಿ ಮರುಕಳಿಸಿತು. ಷಿಕಾಗೋ ಸುತ್ತಲಿನ ಹದಿಹರೆಯದವರನ್ನು ನೋಡಿದ ಇನ್ನೊಂದು ಅಧ್ಯಯನ (2009) ಗ್ರಂಥಿಜ್ವರ ಬಂದು ಆರು ತಿಂಗಳಾದ ಮೇಲೆ ಶೇ 13, ಎರಡು ವರ್ಷಗಳ ಮೇಲೆ ಶೇ 4ರಷ್ಟು ಮಕ್ಕಳಲ್ಲಿ ಈ ಕಾಯಿಲೆ ಉಳಿದಿದ್ದನ್ನು ದಾಖಲಿಸಿತು. ನಾರ್ವೆಯ ಆಸ್ಪತ್ರೆ ದಾಖಲೆಗಳ ಪ್ರಕಾರ ಕಾಯಿಲೆ ಹೆಚ್ಚಾಗಿ ಪತ್ತೆಯಾಗುವ ವಯಸ್ಸು ಎರಡು: 10ರಿಂದ 19 ಮತ್ತು 30ರಿಂದ 39. ಮೊದಲನೆಯದು ಎಸ್ಸೆಸ್ಸೆಲ್ಸಿ, ಪಿಯುಸಿಯ ವಯಸ್ಸು.

ಆ ವಯಸ್ಸಿನಲ್ಲಿ ಕಾಯಿಲೆ ಬಿದ್ದರೆ ಏನಾಗುತ್ತದೆಂದು ತಿಳಿಯಲು ಒಂದು ಊರನ್ನು ನೋಡೋಣ. ಕವಿ ರನ್ನನ ಹುಟ್ಟೂರೆಂದು ಹೆಸರಾದ ರನ್ನ ಬೆಳಗಲಿ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಕಬ್ಬಿನ ಸೀಮೆಯಲ್ಲಿದೆ. ಅತ್ತ ರಬಕವಿ-ಬನಹಟ್ಟಿಯ ಮಗ್ಗಗಳು, ಇತ್ತ ಜಮಖಂಡಿ, ಬೀಳಗಿಯ ಹೊಲಗಳು. ಈ ಭಾಗದಲ್ಲಿ ಮನುಷ್ಯರನ್ನು ಅಳೆಯುವುದು ಕಸುವಿನಿಂದ. ಕಬ್ಬಿನ ಸೋಗೆ ಹೊರಲಾರದ, ಕಂಡಿಕೆ ಸುತ್ತುತ್ತ ಕೂರಲೂ ಆಗದ ಹದಿನೈದರ ಹುಡುಗನಿಗೆ ಸಿಗುವ ಮೊದಲ ಹೆಸರು ಮೈಗಳ್ಳ. ಹುಡುಗಿಯಾದರೆ ಶಾಲೆ ಬಿಡಿಸುವ ಮಾತು, ಅದರ ಹಿಂದೆಯೇ ಮದುವೆಯ ಮಾತು. ಜ್ವರ ಇಲ್ಲ, ಗಾಯ ಇಲ್ಲ, ಎಕ್ಸ್‌ರೇಯಲ್ಲಿ ಏನೂ ಇಲ್ಲ. ಕಾಣದ್ದನ್ನು ನಂಬಿಸುವ ಭಾರ ಹಾಸಿಗೆ ಹಿಡಿದ ಮಗುವಿನ ಮೇಲೇ ಬೀಳುತ್ತದೆ. ಇದು ಸಣ್ಣ ಅನ್ಯಾಯವಲ್ಲ.

ಹೀಗೆ ಅನುಮಾನಿಸುವುದರಲ್ಲಿ ಹಳ್ಳಿಯವರಿಗಿಂತ ವೈದ್ಯಲೋಕವೇನೂ ಹಿಂದೆ ಬಿದ್ದಿರಲಿಲ್ಲ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಈ ಬಗೆಯ ಕಾಯಿಲೆ ಸಾಂಕ್ರಾಮಿಕವಾಗಿ ಹಬ್ಬಿ ಆಸ್ಪತ್ರೆಯನ್ನೇ ಕೆಲ ತಿಂಗಳು ಮುಚ್ಚಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲಿ ಇದನ್ನು ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಮರುವರ್ಷವೇ ಇಬ್ಬರು ಮನೋವೈದ್ಯರು ರಾಯಲ್ ಫ್ರೀ ಆಸ್ಪತ್ರೆಯ ಹಳೆಯ ಕಡತಗಳನ್ನಷ್ಟೇ ಓದಿ ಅಲ್ಲಿ ನಡೆದದ್ದು ಸಾಮೂಹಿಕ ಉನ್ಮಾದವೆಂದು ಬರೆದರು. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಹೆಂಗಸರಾಗಿದ್ದದ್ದು ಅವರು ಮುಂದಿಟ್ಟ ಕಾರಣಗಳಲ್ಲಿ ಒಂದು. ಆ ಮಾತಿನ ಬೆಲೆಯನ್ನು ರೋಗಿಗಳು ಮುಂದಿನ ಮೂವತ್ತು ವರ್ಷ ತೆತ್ತರು.

ಕೊನೆಗೆ ಇಂಗ್ಲೆಂಡಿನಲ್ಲಿ ಈ ಕಾಯಿಲೆಗೆ ಸರ್ಕಾರದ ಹಣ ಬಂದ ಬಗೆ ನಮಗೆ ಪಾಠವಾಗುವಂಥದ್ದು. ರೋಗಿಗಳ ಸಂಘಗಳು ಬಿಡದೆ ಬೆನ್ನುಹತ್ತಿದ ಮೇಲೆ ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿಯ ಕಾರ್ಯತಂಡ 2002ರ ಜನವರಿಯಲ್ಲಿ ವರದಿ ಕೊಟ್ಟಿತು. ಇದು ನಿಜವಾದ ಕಾಯಿಲೆ, ಮಕ್ಕಳಿಗೂ ಬರುತ್ತದೆ, ಸೇವೆ ಸಾಲದು ಎಂಬುದು ಅದರ ಸಾರ. ಮರುವರ್ಷ ಸರ್ಕಾರ 85 ಲಕ್ಷ ಪೌಂಡ್ ಘೋಷಿಸಿತು. 2004ರಿಂದ 2006ರವರೆಗೆ ಆ ಹಣದಲ್ಲಿ ದೇಶದ ಬೇರೆ ಬೇರೆ ಕಡೆ ಕೇಂದ್ರಗಳೂ ಸ್ಥಳೀಯ ತಂಡಗಳೂ ಹುಟ್ಟಿಕೊಂಡವು. ಅವುಗಳಲ್ಲಿ ಕೆಲವು ಮಕ್ಕಳಿಗೇ ಮೀಸಲು. ಪ್ರತ್ಯೇಕ ಅನುದಾನ ಮುಗಿದ ಮೇಲೆ ಸೇವೆಯ ಹೊರೆ ಸ್ಥಳೀಯ ಆರೋಗ್ಯ ಆಡಳಿತಗಳ ಹೆಗಲಿಗೆ ಬಂತು. ಒಂದು ಜಿಲ್ಲೆಯಲ್ಲಿ ತಜ್ಞರ ತಂಡ, ಪಕ್ಕದ ಜಿಲ್ಲೆಯಲ್ಲಿ ಏನೂ ಇಲ್ಲ ಎಂಬ ಸ್ಥಿತಿ ಉಂಟಾಯಿತು.

ಹಣ ಯಾವುದಕ್ಕೆ ಖರ್ಚಾಗುತ್ತದೆ ಎನ್ನುವುದು ಇನ್ನೊಂದು ಪಾಠ. ದಿನದಿನಕ್ಕೆ ವ್ಯಾಯಾಮ ಹೆಚ್ಚಿಸುತ್ತಾ ಹೋದರೆ ಗುಣವಾಗುತ್ತದೆ ಎಂಬ ನಂಬಿಕೆ ಆ ಕೇಂದ್ರಗಳಲ್ಲಿ ಬಹುಕಾಲ ಇತ್ತು. ಅದರಿಂದ ಆರೋಗ್ಯ ಹದಗೆಟ್ಟವರೇ ಹೆಚ್ಚು ಎಂದು ರೋಗಿಗಳು ಹೇಳುತ್ತಲೇ ಬಂದರು. 2021ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಹೊಸ ಮಾರ್ಗಸೂಚಿ ಹೊರಡಿಸಿ ಆ ಚಿಕಿತ್ಸೆಯನ್ನು ಕೈಬಿಡಲು ಹೇಳಿತು. ಕಾಯಿಲೆಯನ್ನು ವಾಸಿ ಮಾಡುವ ಔಷಧ ಈವರೆಗೆ ಇಲ್ಲ. ಶಕ್ತಿಯನ್ನು ಅಳೆದು ಖರ್ಚು ಮಾಡುವುದು, ನೋವು, ನಿದ್ದೆ, ತಲೆಸುತ್ತಿಗೆ ತಕ್ಕ ಉಪಚಾರ, ಶಾಲೆಯ ಹೊಂದಾಣಿಕೆ ಇವೇ ಇಂದಿನ ಚಿಕಿತ್ಸೆ. ಮಕ್ಕಳಲ್ಲಿ ಇಂಥ ಲಕ್ಷಣಗಳು ನಾಲ್ಕು ವಾರ ಉಳಿದರೆ ಮಕ್ಕಳ ತಜ್ಞರಿಗೆ ತೋರಿಸಬೇಕು, ಮೂರು ತಿಂಗಳಾದರೆ ಕಾಯಿಲೆಯೆಂದು ಹೆಸರಿಡಬಹುದು ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ.

ನಮ್ಮ ನೆರೆಯ ಗೋವಾದಲ್ಲಿ 18ರಿಂದ 50 ವರ್ಷದ 3,000 ಮಹಿಳೆಯರ ಸಮೀಕ್ಷೆಯೊಂದು ನಡೆದಿತ್ತು. 2005ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಶೇ 12ರಷ್ಟು ಮಹಿಳೆಯರು ಆರು ತಿಂಗಳಿಗೂ ಮೀರಿದ ದಣಿವನ್ನು ಹೇಳಿಕೊಂಡರು. ಅವರೆಲ್ಲರಿಗೂ ಎಂಇ-ಸಿಎಫ್‌ಎಸ್ ಇತ್ತು ಎಂದಲ್ಲ. ಬಡತನ, ಮನಸ್ಸಿನ ಸಂಕಟಗಳ ಜೊತೆ ಅವರ ದಣಿವಿಗೆ ನಂಟಿತ್ತು. ಆದರೆ ರಕ್ತದ ಹಿಮೋಗ್ಲೋಬಿನ್ ಪ್ರಮಾಣಕ್ಕೂ ದಣಿವಿಗೂ ನಂಟು ಕಾಣಲಿಲ್ಲ. ಈ ಒಂದು ಸಾಲು ನಮ್ಮ ಆರೋಗ್ಯ ವ್ಯವಸ್ಥೆ ಎರಡೆರಡು ಸಲ ಓದಿಕೊಳ್ಳಬೇಕಾದದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19ರ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ. ಹೀಗಾಗಿ ದಣಿದ ಹುಡುಗಿಗೆ ಕಬ್ಬಿಣಾಂಶದ ಮಾತ್ರೆ ಕೊಡುವುದು ಸರಿಯಾದ ಮೊದಲ ಹೆಜ್ಜೆಯೇ. ರಕ್ತ ಸರಿಹೋದ ಮೇಲೂ ಅವಳು ಏಳದಿದ್ದರೆ ಮುಂದೇನು ಎಂಬುದಕ್ಕೆ ಎರಡನೆಯ ಹೆಜ್ಜೆ ಎಲ್ಲೂ ಬರೆದಿಲ್ಲ. ಹಿಮೋಗ್ಲೋಬಿನ್ 12 ದಾಟಿತು, ಕಡತ ಮುಚ್ಚಿತು.

ಸರ್ಕಾರದ ಆರೋಗ್ಯ ಹಣ ಹರಿಯುವುದು ಪಟ್ಟಿಗಳ ಮೂಲಕ. ಪಟ್ಟಿಯಲ್ಲಿ ಹೆಸರಿದ್ದರೆ ಔಷಧ, ಹಾಸಿಗೆ, ತಜ್ಞರು, ಪ್ರಮಾಣಪತ್ರ ಎಲ್ಲವೂ ಬರುತ್ತವೆ. ರನ್ನ ಬೆಳಗಲಿಯ ಮಗುವೊಂದರ ಮಟ್ಟಿಗೆ ಮುಖ್ಯವಾದ ಪಟ್ಟಿಗಳು ನಾಲ್ಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮೊದಲನೆಯದು. ಇಬ್ಬರು ಆಯುಷ್ ವೈದ್ಯರು, ಒಬ್ಬ ಶುಶ್ರೂಷಕಿ, ಒಬ್ಬ ಫಾರ್ಮಾಸಿಸ್ಟ್ ಇರುವ ತಂಡ ಗಾಡಿಯಲ್ಲಿ ಬಂದು ವರ್ಷಕ್ಕೊಮ್ಮೆ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳನ್ನು ಪರೀಕ್ಷಿಸುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಗೊತ್ತುಮಾಡಿದ ಸುಮಾರು 30 ತೊಂದರೆಗಳನ್ನು ಹುಡುಕಿ, ಶಸ್ತ್ರಚಿಕಿತ್ಸೆಯವರೆಗೂ ಉಚಿತವಾಗಿ ನೋಡಿಕೊಳ್ಳುವುದು ಇದರ ಕೆಲಸ. ಹೃದಯದ ರಂಧ್ರ, ಸೀಳುತುಟಿ, ಕಿವುಡು, ತೀವ್ರ ರಕ್ತಹೀನತೆ ಪಟ್ಟಿಯಲ್ಲಿವೆ. ದೀರ್ಘ ದಣಿವು ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆಯದೇ. ತಂಡ ಶಾಲೆಗೆ ಬರುವ ದಿನ ಈ ಕಾಯಿಲೆಯ ಮಗು ಶಾಲೆಯಲ್ಲಿರುವುದಿಲ್ಲ, ಮನೆಯಲ್ಲಿ ಮಲಗಿರುತ್ತದೆ. ಹಾಜರಿ ಪುಸ್ತಕದಲ್ಲಿ ಮೂರು ವಾರ ಗೈರಾದ ಮಕ್ಕಳ ಹೆಸರನ್ನು ಮುಖ್ಯಶಿಕ್ಷಕರು ತಂಡಕ್ಕೆ ಕೊಡುವುದು ಒಂದು ರೂಪಾಯಿ ಖರ್ಚಿಲ್ಲದ ಕೆಲಸ.

ಎರಡನೆಯದು 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ. 10ರಿಂದ 19ರ ವಯಸ್ಸಿನವರಿಗಾಗಿ ಇದರಡಿ ನಡೆಯುವ ಆಪ್ತ ಸಲಹಾ ಕೇಂದ್ರಗಳಿಗೆ ಕರ್ನಾಟಕದಲ್ಲಿ ಸ್ನೇಹ ಕ್ಲಿನಿಕ್ ಎಂದು ಹೆಸರು. ಪೌಷ್ಟಿಕತೆ, ಮುಟ್ಟಿನ ತೊಂದರೆ, ಮಾನಸಿಕ ಆರೋಗ್ಯ, ವ್ಯಸನ ಇಲ್ಲಿನ ವಿಷಯಗಳು. ಕೂತು ಮಾತು ಕೇಳಲೆಂದೇ ಒಬ್ಬ ಆಪ್ತ ಸಮಾಲೋಚಕರಿಗೆ ಸರ್ಕಾರ ಸಂಬಳ ಕೊಡುವ ಜಾಗ ಇದು. ನೂರಾರು ಜನರ ಸಾಲಿರುವ ಹೊರರೋಗಿ ವಿಭಾಗದಲ್ಲಿ ಎರಡು ನಿಮಿಷದಲ್ಲಿ ಹೊರಬರದ ಕಾಯಿಲೆಯ ಕತೆ ಇಲ್ಲಿ ಹೊರಬರಬಹುದು. ಈ ಕಾಯಿಲೆಗೆ ಈಗಿರುವ ಬಾಗಿಲುಗಳಲ್ಲಿ ಇದೇ ಅತ್ಯಂತ ಹತ್ತಿರದ್ದು.

ಮೂರನೆಯದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. 2018ರಲ್ಲಿ ಒಂದಾದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಮೊತ್ತ ದೊಡ್ಡದೇ. ಆದರೆ ಅದು ಸಿಗುವುದು ಸಂಕೇತ ಸಂಖ್ಯೆಯಿರುವ 1,650 ಚಿಕಿತ್ಸೆಗಳಿಗೆ, ಬಹುಪಾಲು ಆಸ್ಪತ್ರೆಯಲ್ಲಿ ದಾಖಲಾದವರಿಗೆ. ಕತ್ತರಿಸಿ ಹೊಲಿಯುವ ಕೆಲಸವಿಲ್ಲದ, ಹಾಸಿಗೆ ಬೇಕಾದರೂ ಅದು ಮನೆಯಲ್ಲೇ ಬೇಕಾದ ಕಾಯಿಲೆಗೆ ಈ ಐದು ಲಕ್ಷದಿಂದ ಐದು ರೂಪಾಯಿ ಬರುವುದೂ ಕಷ್ಟ. ಬಡ ಕುಟುಂಬದ ದುಡ್ಡು ಹೋಗುವುದು ಶಸ್ತ್ರಚಿಕಿತ್ಸೆಗಲ್ಲ. ಜಮಖಂಡಿ, ಮೀರಜ್, ಬೆಳಗಾವಿ, ಹುಬ್ಬಳ್ಳಿ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಮತ್ತೆ ಮತ್ತೆ ಮಾಡಿಸುವ ಅದದೇ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಸಲೈನ್ ಮತ್ತು ದಾರಿಖರ್ಚಿಗೆ. ಶಕ್ತಿ ಯೋಜನೆಯಿಂದಾಗಿ 2023ರ ಜೂನಿನಿಂದ ಹುಡುಗಿಗೂ ಜೊತೆಗೆ ಬರುವ ತಾಯಿಗೂ ಸರ್ಕಾರಿ ಬಸ್ಸಿನ ಟಿಕೆಟ್ ಇಲ್ಲ ಎಂಬುದು ಒಂದು ಸಮಾಧಾನ. ಬಸ್ಸಿನ ಕುಲುಕಾಟದ ಬೆಲೆಯನ್ನು ಅವಳು ಮರುದಿನ ಹಾಸಿಗೆಯಲ್ಲಿ ತೆರುತ್ತಾಳೆ. ಆದ್ದರಿಂದಲೇ ವೀಡಿಯೊ ಮೂಲಕ ಸರ್ಕಾರಿ ವೈದ್ಯರನ್ನು ಉಚಿತವಾಗಿ ಕಾಣಿಸುವ ಇ-ಸಂಜೀವನಿ ಈ ರೋಗಿಗಳಿಗೆ ಬರೀ ಅನುಕೂಲವಲ್ಲ, ಚಿಕಿತ್ಸೆಯ ಭಾಗ.

ನಾಲ್ಕನೆಯದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಅನುಸೂಚಿ. ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, ಇದರಲ್ಲಿ 21 ಇವೆ. ಎಂಇ-ಸಿಎಫ್‌ಎಸ್ ಹೆಸರು ಅವುಗಳಲ್ಲಿ ಇಲ್ಲ. ಹೆಸರಿಲ್ಲದಿದ್ದರೆ ವೈಕಲ್ಯವನ್ನು ಶೇ 40 ಎಂದು ಅಳೆಯುವವರಿಲ್ಲ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಲ್ಲ, ಮಾಸಾಶನವಿಲ್ಲ. ಆದರೂ ಕಾಯ್ದೆಯ ಭಾಷೆಯಲ್ಲಿ ಎರಡು ಸಂದುಗಳಿವೆ. ದೀರ್ಘಕಾಲದ ನರಸಂಬಂಧಿ ಕಾಯಿಲೆಗಳು ಎಂಬ ತಲೆಬರಹದಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ ಕಾಯಿಲೆಗಳನ್ನು ‘ಮುಂತಾದ’ ಎಂಬರ್ಥದ ಮಾತಿನೊಂದಿಗೆ ಹೆಸರಿಸಲಾಗಿದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಬೇರೆ ವರ್ಗಗಳನ್ನು ಸೇರಿಸಬಹುದು ಎಂದೂ ಅನುಸೂಚಿಯ ಕೊನೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ವರ್ಗೀಕರಣವೂ ಈ ಕಾಯಿಲೆಯನ್ನು ನರಮಂಡಲದ ಅಧ್ಯಾಯದಲ್ಲೇ ಇಟ್ಟಿರುವುದರಿಂದ, ಬೇಡಿಕೆಯ ಪತ್ರ ಬರೆಯುವವರು ಹಿಡಿಯಬೇಕಾದ ಎಳೆ ಇದು.

ಪಟ್ಟಿಯಲ್ಲಿಲ್ಲದ ಕಾಯಿಲೆ ಪಟ್ಟಿ ಸೇರಿದ್ದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಹಿಮೋಫಿಲಿಯಾ ಕೂಡ ಹೊರಗೆ ಕಾಣದ ಕಾಯಿಲೆ. ರಕ್ತ ಹೆಪ್ಪುಗಟ್ಟದೆ ಕೀಲಿನೊಳಗೆ ಸೋರಿ, ಹುಡುಗರು ಶಾಲೆ ಬಿಟ್ಟು ಮೂಲೆ ಸೇರುತ್ತಿದ್ದರು. ಔಷಧ ಶ್ರೀಮಂತರಿಗೂ ದುಬಾರಿ. ಸ್ವತಃ ಹಿಮೋಫಿಲಿಯಾ ಇರುವ ವೈದ್ಯ ಡಾ. ಸುರೇಶ್ ಹನಗವಾಡಿ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿ ರೋಗಿಗಳನ್ನು ಒಂದೆಡೆ ಸೇರಿಸಿದರು. ಎಣಿಕೆ ಸಿಕ್ಕಿತು, ಎಣಿಕೆಯಿಂದ ಬೇಡಿಕೆಗೆ ಬಲ ಬಂತು. ಇಂದು ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಉಚಿತವಾಗಿ ಸಿಗುತ್ತದೆ. 2016ರ ಕಾಯ್ದೆಯ 21ರಲ್ಲಿ ಹಿಮೋಫಿಲಿಯಾ, ಥಲಸ್ಸೇಮಿಯಾ, ಕುಡುಗೋಲು ಕಣದ ಕಾಯಿಲೆ ಮೂರೂ ಇವೆ. ಅಲ್ಲಿ ರಕ್ತಪರೀಕ್ಷೆಯೊಂದು ಕಾಯಿಲೆಯನ್ನು ಸಾಬೀತು ಮಾಡುತ್ತಿತ್ತು, ದಣಿವಿನ ಕಾಯಿಲೆಗೆ ಅಂಥ ಪರೀಕ್ಷೆ ಇನ್ನೂ ಸಿಕ್ಕಿಲ್ಲ ಎಂಬ ವ್ಯತ್ಯಾಸ ನಿಜ. ಅದಕ್ಕಾಗಿಯೇ ಇಲ್ಲಿ ಬರವಣಿಗೆಯ ತೂಕ ಹೆಚ್ಚು.

ಆ ಬರವಣಿಗೆ ಶುರುವಾಗುವುದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಓಪಿಡಿ ಚೀಟಿಯಲ್ಲಿ. ‘ಸುಸ್ತು’ ಎಂದು ಬರೆದು ಬಿ-ಕಾಂಪ್ಲೆಕ್ಸ್ ಕೊಟ್ಟರೆ ಅಲ್ಲಿಗೆ ಮುಗಿಯಿತು. ಎಂದಿನಿಂದ, ಯಾವ ಜ್ವರದ ನಂತರ, ತಿಂಗಳಿಗೆ ಎಷ್ಟು ದಿನ ಶಾಲೆ ತಪ್ಪಿದೆ, ಶ್ರಮದ ಮರುದಿನ ಏನಾಗುತ್ತದೆ ಎಂದು ನಾಲ್ಕು ಸಾಲು ಬರೆದರೆ ಅದು ಮುಂದಿನ ಎಲ್ಲ ಬಾಗಿಲುಗಳಿಗೂ ಬೀಗದ ಕೈ. ಮುಧೋಳ, ಜಮಖಂಡಿ, ಬೀಳಗಿಯಂಥ ತಾಲ್ಲೂಕು ಕೇಂದ್ರದ ಸರ್ಕಾರಿ ಆಸ್ಪತ್ರೆಯ ಮಟ್ಟದಲ್ಲಿ ಹಿಮೋಗ್ಲೋಬಿನ್, ರಕ್ತಕಣಗಳ ಎಣಿಕೆ, ಸಕ್ಕರೆ, ಥೈರಾಯ್ಡ್, ಮೂತ್ರಪಿಂಡ, ಯಕೃತ್ತು, ಕ್ಷಯದ ಪರೀಕ್ಷೆಗಳನ್ನು ನೋಡಿಕೊಳ್ಳಬೇಕು. ಹೈನು ಇರುವ ಮನೆಯ ಮಕ್ಕಳಲ್ಲಿ, ದನಗಳು ಕಂದು ಹಾಕಲು ಕಾರಣವಾಗುವ ಬ್ರುಸೆಲ್ಲಾ ಸೋಂಕನ್ನೂ ಮರೆಯಬಾರದು. ಹಸಿ ಹಾಲಿನಿಂದ ಬರುವ ಆ ಸೋಂಕು ತಿಂಗಳುಗಟ್ಟಲೆ ದಣಿಸುತ್ತದೆ, ಔಷಧಕ್ಕೆ ಬಗ್ಗುತ್ತದೆ.

ಇನ್ನೊಂದು ಪರೀಕ್ಷೆಗೆ ದೊಡ್ಡ ಯಂತ್ರವೂ ಬೇಡ. ಮಗುವನ್ನು ಹತ್ತು ನಿಮಿಷ ಅಂಗಾತ ಮಲಗಿಸಿ ನಾಡಿ, ರಕ್ತದೊತ್ತಡ ಬರೆದುಕೊಂಡು, ಆಮೇಲೆ ಗೋಡೆಗೆ ಭುಜ ತಾಗಿಸಿ ಹತ್ತು ನಿಮಿಷ ನಿಲ್ಲಿಸಿ ನಿಮಿಷಕ್ಕೊಮ್ಮೆ ಮತ್ತೆ ನೋಡುವುದು. 12ರಿಂದ 19ರ ವಯಸ್ಸಿನವರಲ್ಲಿ ನಾಡಿ ನಿಮಿಷಕ್ಕೆ 40ಕ್ಕಿಂತ ಹೆಚ್ಚು ಏರಿ ಅಲ್ಲೇ ನಿಂತರೆ, ನಿಲುವಿನಲ್ಲಿ ರಕ್ತಸಂಚಾರ ಹದ ತಪ್ಪಿದೆ ಎಂದರ್ಥ. ಎಂಇ-ಸಿಎಫ್‌ಎಸ್ ಇರುವ ಹದಿಹರೆಯದವರಲ್ಲಿ ಇದು ಸಾಮಾನ್ಯ. ವೈದ್ಯರ ಸಲಹೆಯಂತೆ ನೀರು, ಉಪ್ಪು ಹೆಚ್ಚಿಸುವುದರಿಂದಲೇ ಕೆಲವರು ಎದ್ದು ಕೂರುವಂತಾಗುತ್ತದೆ. ಮೈಗಳ್ಳ ಎನ್ನಿಸಿಕೊಂಡ ಹುಡುಗನ ಪರವಾಗಿ ಸಾಕ್ಷಿ ಹೇಳುವ ಅಂಕಿಯೊಂದು ಚೀಟಿಯಲ್ಲಿ ಕೂರುವುದು ಅದಕ್ಕಿಂತ ದೊಡ್ಡ ಲಾಭ.

ಚೀಟಿಗಳು ಹತ್ತಾದರೆ ಅದು ಜಿಲ್ಲೆಯ ವಿಷಯವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ, ಸ್ಥಳೀಯ ಅಗತ್ಯಕ್ಕೆ ಬಳಸಬಹುದಾದ ಒಂದಿಷ್ಟು ಹಣವೂ ಅವುಗಳ ಕೈಯಲ್ಲಿರುತ್ತದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣಕ್ಕೆ ಜಿಲ್ಲಾ ಆರೋಗ್ಯ ಸಂಘ ಕ್ರಿಯಾಯೋಜನೆ ಸಿದ್ಧಪಡಿಸಿ ರಾಜ್ಯಕ್ಕೆ ಕಳಿಸುತ್ತದೆ, ರಾಜ್ಯ ದೆಹಲಿಗೆ ಕಳಿಸುತ್ತದೆ. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಮಕ್ಕಳ ತಜ್ಞರು, ಫಿಜಿಶಿಯನ್, ಮನೋವೈದ್ಯರು ಒಟ್ಟಿಗೆ ಕುಳಿತು ಸೋಂಕಿನ ನಂತರದ ದಣಿವಿನ ಮಕ್ಕಳನ್ನು ನೋಡುವ ಕ್ಲಿನಿಕ್ ನಡೆಸಲು ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಕ್ರಿಯಾಯೋಜನೆಯಲ್ಲಿ ಒಂದು ಸಾಲು ಬೇಕು. ಆಶಾ ಕಾರ್ಯಕರ್ತೆಯರ, ಸ್ನೇಹ ಕ್ಲಿನಿಕ್ ಸಮಾಲೋಚಕರ ತರಬೇತಿಯಲ್ಲಿ ಒಂದು ಗಂಟೆ ಬೇಕು. ಮನೋವೈದ್ಯರು ಅಲ್ಲಿರುವುದು ಕಾಯಿಲೆ ಮನಸ್ಸಿನದೆಂದಲ್ಲ. ತಿಂಗಳುಗಟ್ಟಲೆ ಮಲಗಿದ ಮಗುವಿನ ಮನಸ್ಸಿಗೂ ಆರೈಕೆ ಬೇಕೆಂದು.

ಆಸ್ಪತ್ರೆಯಷ್ಟೇ ತೂಕದ ಸೇವೆ ಶಾಲೆಯದು. ಮೆಲ್ಬರ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಕ್ಯಾಥರೀನ್ ರೋವ್ ಎಂಬ ವೈದ್ಯೆ ಈ ಕಾಯಿಲೆಯ 784 ಕಿರಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. 2019ರಲ್ಲಿ ಪ್ರಕಟವಾದ ಅವರ ವರದಿಯಂತೆ 5 ವರ್ಷಗಳಲ್ಲಿ ಶೇ 38, 10 ವರ್ಷಗಳಲ್ಲಿ ಶೇ 68 ಮಂದಿ ಗುಣವಾದೆವೆಂದು ಹೇಳಿದರು. ದೊಡ್ಡವರಿಗಿಂತ ಮಕ್ಕಳು ಚೇತರಿಸಿಕೊಳ್ಳುವುದು ಹೆಚ್ಚು. ಹಾಗಾಗಿ ಚೇತರಿಸಿಕೊಂಡ ದಿನ ಅವರ ಕೈಯಲ್ಲಿ ಏನಿರುತ್ತದೆ ಎಂಬುದು ದೊಡ್ಡ ಪ್ರಶ್ನೆ. ತಮಗೆ ಹೆಚ್ಚು ನೆರವಾದದ್ದು ಓದಿನ ಜೊತೆ ನಂಟು ಕಡಿಯದಂತೆ ಸಿಕ್ಕ ಬೆಂಬಲ ಎಂದು ಆ ಕಿರಿಯರೇ ಹೇಳಿದ್ದಾರೆ.

ಇಲ್ಲಿ ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಿ ಬೇಕು. ಅದನ್ನು ಮುಟ್ಟಲಾಗದ ಮಗುವಿಗೆ ಮೊದಲೇ ಮಾಡಿಸಿಟ್ಟ ವೈದ್ಯಕೀಯ ದಾಖಲೆಯೇ ಆಸರೆ. ವರ್ಷದ ಕೊನೆಗೆ ತಂದ ಪ್ರಮಾಣಪತ್ರವನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ. ಅರ್ಧ ದಿನದ ಶಾಲೆ, ನೆಲಮಹಡಿಯ ತರಗತಿ, ಪ್ರಾರ್ಥನೆಯ ಹೊತ್ತಿನಲ್ಲಿ ಕೂರಲು ಅನುಮತಿ, ಗೆಳೆಯರು ಬರೆದುಕೊಂಡ ನೋಟ್ಸು ಇವೆಲ್ಲ ಮುಖ್ಯಶಿಕ್ಷಕರ ಮಟ್ಟದಲ್ಲೇ ಆಗುವಂಥವು. 2023-24ರಿಂದ ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದ ಮೇಲೆ ಎಲ್ಲ ವಿಷಯಗಳನ್ನೂ ಒಂದೇ ಪಟ್ಟಿಗೆ ಮುಗಿಸಬೇಕೆಂಬ ಬಿಗಿ ಸಡಿಲಾಗಿದೆ. ಶಾಲೆಗೆ ಹೋಗುವುದೇ ಅಸಾಧ್ಯವಾದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. ಒಮ್ಮೆ ಹೆಸರು ನೋಂದಾಯಿಸಿದರೆ 5 ವರ್ಷಗಳಲ್ಲಿ 9 ಅವಕಾಶಗಳು. ಈ ಸಲ ಒಂದು ವಿಷಯ, ಮೈ ಒಪ್ಪಿದರೆ ಮುಂದಿನ ಸಲ ಇನ್ನೊಂದು ಎಂದು ಬರೆದು ಮುಗಿಸಬಹುದು.